ತಂಗಿಗೆ ಸಿಗಬೇಕಿದ್ದ ಸೀಟು

ಒಬ್ಬ ಭಾರಿ ಶ್ರೀಮಂತ ಸ್ವಂತ ರಾಕೆಟ್ಟಿನಲ್ಲಿ ಜನರನ್ನು ಆಕಾಶದ ಆಚೆಗೆ ಕರೆದುಕೊಂಡು ಹೋಗಿ ಬರುವ ಕಂಪನಿ ತೆರೆದಿದ್ದ. ಕಂಪನಿಯ ಕೆಲಸಗಾರರು ಅವನನ್ನು ಹಿಂದಿನಿಂದ ಧಣಿ ಎಂದು ಕರೆಯುತ್ತಿದ್ದರು; ಆ ಹೆಸರು ಹೇಗೋ ಊರಿಗೆಲ್ಲ ಹಬ್ಬಿತ್ತು. ಅವನ ಟಿಕೆಟ್ಟಿನ ಬೆಲೆ ಕೇಳಿದರೆ ಸಾಧಾರಣ ಜನ ನಕ್ಕು ಸುಮ್ಮನಾಗಬೇಕು, ಅಷ್ಟೇ. ಆ ಧಣಿ ಒಂದು ದಿನ ಟಿವಿಯಲ್ಲಿ ಕಾಣಿಸಿಕೊಂಡು, ಮುಂದಿನ ಹಾರಾಟದಲ್ಲಿ ಒಂದು ಸೀಟನ್ನು ಯಾರಾದರೂ ಒಬ್ಬ ಸಾಮಾನ್ಯ ಮನುಷ್ಯನಿಗೆ ಪುಕ್ಕಟೆ ಕೊಡುತ್ತೇನೆ ಎಂದ.

ಆ ಸಂಜೆ ತಂಗಿ ಶಾಲೆಯಿಂದ ಮನೆಗೂ ಹೋಗದೆ ನೇರವಾಗಿ ಅಕ್ಕನ ಪಾರ್ಲರಿಗೆ ಬಂದಳು.

"ಅಕ್ಕ, ನಾನು ಅರ್ಜಿ ಹಾಕ್ತೀನಿ."

"ಯಾವುದಕ್ಕೆ?"

"ಮೇಲೆ ಹೋಗೋದಕ್ಕೆ."

ಕುರ್ಚಿಯಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಕಣ್ಣು ಮುಚ್ಚಿ ಕೂತಿದ್ದ ಹೆಂಗಸು ಒಂದು ಕಣ್ಣು ತೆರೆದಳು. "ಮೇಲೆ ಹೋಗೋದಕ್ಕೂ ಈಗ ಅರ್ಜಿ ಹಾಕಬೇಕೇನಮ್ಮ?"

ಅಕ್ಕ ಬಿದ್ದು ಬಿದ್ದು ನಕ್ಕಳು. ತಂಗಿ ನಗಲಿಲ್ಲ. ಆಗ ಅಕ್ಕನಿಗೆ ಇವಳು ನಿಜವಾಗಿಯೇ ಹೇಳುತ್ತಿದ್ದಾಳೆ ಎಂದು ಗೊತ್ತಾಯಿತು.

ಅಕ್ಕನ ಪಾರ್ಲರ್ ಬಸ್ ಸ್ಟಾಪಿನ ಎದುರಿಗೇ ಇತ್ತು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಮೂಲೆಯಲ್ಲಿ ತಲೆ ತೊಳೆಯುವ ಸಿಂಕು. ಅಲ್ಲಿಗೆ ಬರುವವರು ಕೂದಲು ಕತ್ತರಿಸಿಕೊಳ್ಳಲು ಎಷ್ಟು ಬರುತ್ತಿದ್ದರೋ ಅಕ್ಕನ ಮಾತು ಕೇಳಲೂ ಅಷ್ಟೇ ಬರುತ್ತಿದ್ದರು. ಯಾರ ಮನೆಯ ಕತೆಯನ್ನೂ ಅವರಿಗಿಂತ ಚೆನ್ನಾಗಿ ಹೇಳಬಲ್ಲವಳು ಅವಳು. ತಂಗಿ ಹಾಗಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ತರಗತಿಯ ಹೊರಗೆ ಅವಳ ಬಾಯಿಂದ ನಾಲ್ಕು ಮಾತು ಬರಬೇಕಾದರೆ ಆಕಾಶದ ವಿಷಯ ತೆಗೆಯಬೇಕಿತ್ತು. ಸ್ಟಾಫ್ ರೂಮಿನಲ್ಲಿ ಲೆಕ್ಕದ ಟೀಚರು, ಜಗತ್ತಿನಲ್ಲಿ ಇಷ್ಟು ಜನ ಅರೆಹೊಟ್ಟೆಯಲ್ಲಿರುವಾಗ ಶ್ರೀಮಂತರಿಗೆ ಈ ಶೋಕಿ ಯಾಕೆ ಎಂದು ಗೊಣಗಿದಾಗ, ತಂಗಿ ಪುಸ್ತಕದಿಂದ ತಲೆಯೆತ್ತಿ ಹೇಳಿದ್ದಳು: "ಸರ್ಕಾರ ಕಳಿಸೋದು ವಾಯುಪಡೆಯವರನ್ನ, ದೊಡ್ಡ ದೊಡ್ಡ ವಿಜ್ಞಾನಿಗಳನ್ನ. ನನ್ನಂಥ ಮೇಷ್ಟ್ರಮ್ಮನ್ನ ಯಾವ ಸರ್ಕಾರ ಕಳಿಸುತ್ತೆ? ಶೋಕಿಗಾದ್ರೂ ಒಬ್ಬ ಬಾಗಿಲು ತೆಗೀಲಿ. ಒಳಗೆ ಹೋದಮೇಲೆ ಅವನ ಶೋಕಿ ವಿಚಾರ ಮಾತಾಡೋಣ."

ಈ ಹುಚ್ಚು ಹಿಡಿಸಿದ್ದು ಅಪ್ಪ. ಅವರು ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಕು ಹರಿಯುವ ಮೊದಲೇ ಮನೆಗೆ ಬರುತ್ತಿದ್ದರು. ಅಂಥದೊಂದು ನಸುಕಿನಲ್ಲಿ, ಮಲಗಿದ್ದ ಪುಟ್ಟ ತಂಗಿಯನ್ನು ಕಂಬಳಿ ಸಮೇತ ಹೆಗಲಿಗೆ ಹಾಕಿಕೊಂಡು ಮಾಳಿಗೆ ಹತ್ತಿದರು. ಮಿಣುಕದೆ, ಅವಸರವಿಲ್ಲದೆ ಆಕಾಶ ದಾಟುತ್ತಿದ್ದ ಒಂದು ಚುಕ್ಕೆಯನ್ನು ತೋರಿಸಿ, "ನೋಡು ಮಗಾ, ಅದರೊಳಗೆ ಜನ ಇದ್ದಾರೆ" ಎಂದರು. ಅವರಿಗೆ ನಾವು ಕಾಣ್ತೀವಾ ಎಂದು ಅವಳು ಕೇಳಿದ್ದಕ್ಕೆ, "ಕೈ ಬೀಸು, ಕಂಡರೂ ಕಾಣಬಹುದು" ಎಂದರು. ಚುಕ್ಕೆ ಕರಗುವ ತನಕ ಅವಳು ಕೈ ಬೀಸಿದಳು. ಅಪ್ಪ ಅಕ್ಕನನ್ನೂ ಎಬ್ಬಿಸಿದ್ದರು. "ನಂಗೆ ನಿದ್ದೆ" ಎಂದು ಅಕ್ಕ ಅವರಿಗೇ ಒಂದು ಒದೆ ಕೊಟ್ಟು ಗೋಡೆ ಕಡೆ ಹೊರಳಿದ್ದಳು. ಅಪ್ಪ ಹೋಗಿ ಎಷ್ಟೋ ವರ್ಷವಾದ ಮೇಲೂ ಮನೆಯಲ್ಲಿ ಈ ಕತೆ ಹೇಳುವಾಗ ಆ ಒದೆಯನ್ನು ಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಅಕ್ಕನೇ.

ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಅಷ್ಟು ಜನರಲ್ಲಿ ತಂಗಿ ಕೊನೆಯ ಸುತ್ತಿನ ತನಕ ಬಂದಳು. ಸಂದರ್ಶನಕ್ಕೆ ಕಂಪನಿಯ ಕಚೇರಿಗೆ ಬರುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆತರಬಹುದು ಎಂದಿದ್ದರು. ಅಮ್ಮನಿಗೆ ಮಂಡಿ ನೋವು, ಅಕ್ಕ ಪಾರ್ಲರಿಗೆ ಬೀಗ ಹಾಕಿ ಹೊರಟಳು.

ಕಚೇರಿಯ ತುಂಬ ಗಾಜು, ಮೈ ನಡುಗುವಷ್ಟು ಎಸಿ. ತಂಗಿಯ ಕೈ ಬೆವರುತ್ತಿತ್ತು. ಅಕ್ಕ ಅವಳನ್ನು ಬಾತ್‌ರೂಮಿಗೆ ಎಳೆದುಕೊಂಡು ಹೋಗಿ ತಲೆ ಬಾಚಿ, ಹಣೆಯ ಮೇಲಿನ ಕೂದಲನ್ನು ಪಿನ್ನಿನಿಂದ ಹಿಂದಕ್ಕೆ ಸಿಕ್ಕಿಸಿದಳು. "ನಗ್ತಾ ಮಾತಾಡು. ನಿನ್ನ ಮುಖ ನೋಡಿದ್ರೆ ಅವರೇ ಪರೀಕ್ಷೆಗೆ ಬಂದಂಗಿರುತ್ತೆ."

ತಂಗಿಯನ್ನು ಒಳಗೆ ಕರೆದರು. ಅಕ್ಕ ಹೊರಗಿನ ಸೋಫಾದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅಲ್ಲಿಗೆ ಕಂಪನಿಯ ಪ್ರಚಾರ ನೋಡಿಕೊಳ್ಳುವ ಮೇಡಂ ಬಂದರು. ಕ್ಯಾಮೆರಾ ಮುಂದೆ ನಿಲ್ಲಬೇಕಿತ್ತಂತೆ, ಕಟ್ಟಿದ ತುರುಬು ಬಿಚ್ಚಿಹೋಗಿತ್ತು. ಅಕ್ಕ ಸುಮ್ಮನಿರುವವಳೇ? "ಕೂತ್ಕೊಳ್ಳಿ ಮೇಡಂ, ಒಂದು ನಿಮಿಷ" ಎಂದು ಪಿನ್ನು ತೆಗೆದಳು. ಕೈ ಕೆಲಸ ಮಾಡುತ್ತಿದ್ದರೆ ಅವಳ ಬಾಯಿ ತಾನಾಗಿ ನಡೆಯುತ್ತದೆ. ಮೇಡಂ ನಕ್ಕರು, ಇನ್ನಷ್ಟು ಕೇಳಿದರು, ನಿಮ್ಮ ಮನೆಯಲ್ಲಿ ಈ ಆಕಾಶದ ಆಸೆ ಎಲ್ಲಿಂದ ಬಂತು ಅಂದರು.

"ನಮ್ಮಪ್ಪನಿಂದ. ಬೆಳಗಿನ ಜಾವ ನಮ್ಮನ್ನ ಹೆಗಲ ಮೇಲೆ ಹಾಕ್ಕೊಂಡು ಮಾಳಿಗೆಗೆ ಕರ್ಕೊಂಡು ಹೋಗೋರು."

ನಮ್ಮನ್ನ. ಆ ಪದ ಮಾತಿನ ಓಟದಲ್ಲಿ ಬಂದುಬಿಟ್ಟಿತ್ತು, ಅವಳೇನೂ ಯೋಚಿಸಿ ಹೇಳಿದ್ದಲ್ಲ. ಆದರೆ ಮೇಡಂ ತಟ್ಟನೆ ತಿರುಗಿ, ಕಾರಿಡಾರಿನಲ್ಲಿದ್ದ ಕ್ಯಾಮೆರಾದ ಹುಡುಗಿಯನ್ನು ಕರೆದರು. "ಅದನ್ನೇ ಇನ್ನೊಂದು ಸಲ ಹೇಳಿ. ನನಗೆ ಹೇಳಿದ ಹಾಗೇ."

ಎರಡನೆಯ ಸಲ ಹೇಳುವಾಗ ನಮ್ಮನ್ನ ಎನ್ನುವುದು ನನ್ನನ್ನ ಆಯಿತು. ಕತೆ ಹಾಗೆಯೇ ಚೆನ್ನಾಗಿ ಕೂರುತ್ತಿತ್ತು. ಕಂಬಳಿ, ಅಪ್ಪನ ಕೈಯ ಗ್ರೀಸಿನ ವಾಸನೆ, ಬೀಸಿದ ಪುಟ್ಟ ಕೈ, ಎಲ್ಲ ಬಂತು. ಒದೆ ಮಾತ್ರ ಬರಲಿಲ್ಲ. ಕ್ಯಾಮೆರಾದ ಹುಡುಗಿ ಕಣ್ಣೊರೆಸಿಕೊಂಡಳು. ಅಕ್ಕನಿಗೂ ಕಣ್ಣು ತುಂಬಿತು; ಆ ಕ್ಷಣಕ್ಕೆ ಅಪ್ಪನ ಹೆಗಲು ತನ್ನ ಕೆನ್ನೆಗೆ ತಾಗಿದ್ದು ನಿಜವೇ ಅನ್ನಿಸಿತ್ತು.

ಕೆಲವು ದಿನಗಳ ಮೇಲೆ ಫೋನು ಬಂತು, ಅಕ್ಕನ ಫೋನಿಗೆ. ತಂಗಿಯ ವಿಷಯವೇ ಇರಬೇಕು ಎಂದುಕೊಂಡು ಅವಳು ಕತ್ತರಿ ಕೆಳಗಿಟ್ಟಳು.

"ನಾವು ನಿಮ್ಮನ್ನ ಆರಿಸಿದ್ದೀವಿ," ಎಂದರು ಪ್ರಚಾರದ ಮೇಡಂ.

"ನನ್ನನ್ನ? ಅರ್ಜಿ ಹಾಕಿದ್ದು ನನ್ನ ತಂಗಿ ಮೇಡಂ."

"ಜೊತೆಗೆ ಬಂದವರನ್ನೂ ಆರಿಸಬಹುದು ಅಂತ ನಿಯಮದಲ್ಲೇ ಇದೆ. ನೀವು ಈಗ ಒಪ್ಪಿದರೆ ನಾಳೆ ಸಂಜೆಯೇ ಟಿವಿಯಲ್ಲಿ ಹೇಳ್ತೀವಿ. ಒಪ್ಪದಿದ್ದರೆ ಬೇರೆಯವರಿದ್ದಾರೆ. ನಿಮ್ಮ ತಂಗಿ ಆ ಪಟ್ಟಿಯಲ್ಲಿಲ್ಲ."

ತಂಗಿಯನ್ನು ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕನ್ನಡಿಯಲ್ಲಿ ತನ್ನ ಮುಖ ಕಂಡಿತು: ಬೆಳಗಿನಿಂದ ಬೇರೆಯವರ ತಲೆಯ ಹಿಂದೆ ನಿಂತುಕೊಂಡೇ ಇರುವ ಮುಖ. ಅವಳು "ಆಗಲಿ" ಎಂದಳು.

ಅಕ್ಕನ ಗಂಡ ಎಲೆಕ್ಟ್ರಿಷಿಯನ್, ಮಾತು ಕಮ್ಮಿ. ರಾತ್ರಿ ಊಟಕ್ಕೆ ಕೂತಾಗ ಎಲ್ಲ ಕೇಳಿಸಿಕೊಂಡು ಹೇಳಿದ: "ಮೇಲೆ ಕರ್ಕೊಂಡು ಹೋಗೋದು, ಇಳಿಸೋದು ಅವರ ಕೆಲಸ. ಇಳಿದಮೇಲೆ ನಿನ್ನ ತಂಗಿ ಮುಖ ನೋಡೋದು ನಿನ್ನ ಕೆಲಸ. ಅದನ್ನ ಯೋಚನೆ ಮಾಡಿದ್ದೀಯಾ?"

ಮರುದಿನ ಬೆಳಿಗ್ಗೆ ತಂಗಿಗೆ ಹೇಳುವಾಗ ಅವಳು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಒಂದು ಉತ್ತರದ ಮೇಲೆ ನಿಂತಿತು.

"ಹೌದಾ," ಎಂದಳು. ಆಮೇಲೆ, "ಒಳ್ಳೇದಾಯ್ತು. ನಮ್ಮ ಮನೆಯಿಂದ ಯಾರೋ ಒಬ್ರು." ಪತ್ರಿಕೆ ಮಗುಚುತ್ತ ಕೇಳಿದಳು, "ಅವರ ಹತ್ರ ಏನು ಹೇಳಿದೆ ಅಕ್ಕ?"

"ಏನಿಲ್ಲ ಕಣೇ. ಏನೋ ಬಾಯಿಗೆ ಬಂದದ್ದು."

ಬಾಯಿಗೆ ಬಂದದ್ದೇನು ಎನ್ನುವುದು ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಪಾರ್ಲರಿನ ಎದುರಿನ ಬಸ್ ಸ್ಟಾಪಿನ ಮೇಲೇ ದೊಡ್ಡ ಫಲಕ ಎದ್ದಿತು. ಅಕ್ಕನ ನಗುಮುಖ, ಅದರ ಕೆಳಗೆ: 'ಅಪ್ಪನ ಹೆಗಲಿಂದ ಆಕಾಶಕ್ಕೆ'. ಟಿವಿಯಲ್ಲಿ ಜಾಹೀರಾತು ಬಂತು. ಯಾವುದೋ ಪುಟ್ಟ ಹುಡುಗಿ ಕಂಬಳಿ ಸುತ್ತಿಕೊಂಡು ಮಾಳಿಗೆಯ ಮೇಲೆ ಕೈ ಬೀಸುತ್ತಿದ್ದಳು. ಇವತ್ತು ತಂಗಿ ಬಂದು ಜಗಳವಾಡುತ್ತಾಳೆ, ನಾಳೆ ಬಂದು ಜಗಳವಾಡುತ್ತಾಳೆ ಎಂದು ಅಕ್ಕ ಕಾಯುತ್ತಲೇ ಇದ್ದಳು. ತಂಗಿ ಬರಲಿಲ್ಲ. ಅವಳು ಆ ಬಸ್ ಸ್ಟಾಪಿನಲ್ಲಿ ಇಳಿಯುವುದನ್ನೇ ಬಿಟ್ಟು, ಹಿಂದಿನದರಲ್ಲಿ ಇಳಿದು ಮನೆಗೆ ನಡೆದುಕೊಂಡು ಹೋಗುತ್ತಾಳೆ ಎಂದು ಗಿರಾಕಿಯೊಬ್ಬಳಿಂದ ತಿಳಿಯಿತು.

ತರಬೇತಿಗೆ ಕರೆದುಕೊಂಡು ಹೋಗುವ ಕಾರಿನಲ್ಲಿ ಒಂದು ದಿನ ಅಕ್ಕ ಪ್ರಚಾರದ ಮೇಡಂ ಬಳಿ ಕೇಳಿಯೇ ಬಿಟ್ಟಳು. "ನನ್ನ ತಂಗಿ ಯಾಕೆ ಬೇಡವಾದಳು ಮೇಡಂ? ಅವಳಿಗೆ ಎಲ್ಲಾ ಗೊತ್ತು."

"ಅದೇ ತೊಂದರೆ." ಮೇಡಂ ಫೋನಿನಿಂದ ಕಣ್ಣೆತ್ತಲಿಲ್ಲ. "ಜನ ಇಲ್ಲದೆ ಹಾರಿಸಿದ ಒಂದು ಪರೀಕ್ಷೆಯಲ್ಲಿ ಮೂರರಲ್ಲಿ ಒಂದು ಪ್ಯಾರಾಚೂಟ್ ತಡವಾಗಿ ಬಿಚ್ಚಿಕೊಂಡಿತ್ತು. ಪತ್ರಿಕೆಯ ಯಾವುದೋ ಮೂಲೆಯಲ್ಲಿ ಬಂದಿತ್ತಂತೆ. ನಿಮ್ಮ ತಂಗಿ ಅದನ್ನ ಕೇಳಿದ್ರು. ಸರಿಮಾಡಿದ್ದೀವಿ ಅಂದ್ವಿ. ಏನು ಸರಿಮಾಡಿದ್ರಿ ಅಂತ ಮತ್ತೆ ಕೇಳಿದ್ರು. ಆಮೇಲೆ ಮತ್ತೆ. ಬೇಜಾರು ಮಾಡ್ಕೋಬೇಡಿ, ಒಳ್ಳೆಯವರೇ. ಆದರೆ ನಾಳೆ ಟಿವಿಯಲ್ಲಿ ಕೂತು ಹಾಗೆ ಕೇಳಿದರೆ ಟಿಕೆಟ್ ತಗೊಳ್ಳೋರು ಹೆದರಲ್ವಾ? ನೀವು ಹಾಗಲ್ಲ. ನೀವು ಮಾತಾಡಿದ್ರೆ ನಮ್ಮತ್ತೆಗೂ ಹೋಗಬೇಕು ಅನ್ಸುತ್ತೆ."

ಅಕ್ಕನಿಗೆ ಹೊಗಳಿಸಿಕೊಂಡ ಖುಷಿ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಖುಷಿಯಾಯಿತು, ಮರುಕ್ಷಣವೇ ಉಳಿದದ್ದೂ ಹೊಳೆಯಿತು. ತಂಗಿ ಸೋತದ್ದು ಕೇಳಬೇಕಾದದ್ದನ್ನು ಕೇಳಿದ್ದಕ್ಕೆ. ತಾನು ಗೆದ್ದದ್ದು ಏನನ್ನೂ ಕೇಳದೆ ಇದ್ದುದಕ್ಕೆ. ಈಗಲೂ ಆ ಪ್ಯಾರಾಚೂಟಿನ ಕತೆ ಏನಾಯಿತು ಎಂದು ಅವಳು ಕೇಳಲಿಲ್ಲ.

ಧಣಿ ಸಿಕ್ಕಿದ್ದು ಲಿಫ್ಟಿನಲ್ಲಿ. ಮಾಸಿದ ಟೀ ಶರ್ಟು, ಕೈಯಲ್ಲಿ ಕಾಗದದ ಲೋಟ. ಟಿವಿಯಲ್ಲಿ ಕಾಣುವುದಕ್ಕಿಂತ ಕುಳ್ಳ. ಅವನಾಗಿಯೇ ನಮಸ್ಕಾರ ಹೇಳಿದ.

"ನೀವೇ ಅಲ್ವಾ, ಹೆಗಲಿನ ಕತೆಯವರು. ನಾನು ಅದನ್ನ ನಮ್ಮ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ನನ್ನಪ್ಪ ನನ್ನನ್ನ ಎಲ್ಲಿಗೂ ಕರ್ಕೊಂಡು ಹೋಗಲಿಲ್ಲ ನೋಡಿ." ಅವನ ದನಿಯಲ್ಲಿ ನಾಟಕವಿರಲಿಲ್ಲ. "ಈಗ ಬಾಗಿಲು ತೆಗೀತಾ ಇದ್ದೀವಿ, ಅಷ್ಟೇ. ನಾಳೆ ಎಲ್ಲರೂ ಹೋಗ್ತಾರೆ."

"ನನ್ನ ತಂಗಿಯೂ ಹೋಗಬೇಕು ಸರ್. ಅವಳಿಗೆ ನನಗಿಂತ ಹೆಚ್ಚು ಆಸೆ."

"ಖಂಡಿತ ಹೋಗಲಿ. ಹೆಸರು ಬರೆಸಿಬಿಡಿ."

ಲಿಫ್ಟು ನಿಂತು ಬಾಗಿಲು ತೆರೆಯಿತು. ಆ ಕತೆ ನನ್ನದಲ್ಲ ಸರ್, ಅವಳದು ಎನ್ನಲು ಅಷ್ಟು ಹೊತ್ತು ಸಾಕಾಗಿತ್ತು. ಅಕ್ಕ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು. ಕಚೇರಿಯಲ್ಲಿ ತಂಗಿಯ ಹೆಸರು ಬರೆಸಿ, ಅವಳ ಪರವಾಗಿ ಒಂದು ಮಾತು ಆಡಿದೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಕೋಣೆ ತಲುಪುವ ತನಕವೂ ಉಳಿಯಲಿಲ್ಲ.

ಹೊರಡುವ ಹಿಂದಿನ ದಿನ ಅಮ್ಮನ ಕಾಲಿಗೆ ಬೀಳಲು ಹೋದಾಗ ತಂಗಿ ಬಾಗಿಲ ತನಕ ಬಂದಳು. ಕಣ್ಣ ಕೆಳಗೆ ಕಪ್ಪುಗಟ್ಟಿತ್ತು, ನಿದ್ದೆಗೆಟ್ಟವಳ ಹಾಗಿದ್ದಳು. "ಫೋಟೋ ತೆಗೀತಾ ಕೂರಬೇಡ. ಅಲ್ಲಿರೋ ಹೊತ್ತೇ ಸ್ವಲ್ಪ. ಅಷ್ಟು ಹೊತ್ತೂ ನೋಡು," ಎಂದಳು. ಅಕ್ಕ ಅವಳ ಕೈ ಹಿಡಿದುಕೊಂಡಳು. ತಂಗಿ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ರಾಕೆಟ್ಟಿನ ತುದಿಯ ಗೂಡಿನಲ್ಲಿ ಅವಳ ಜೊತೆಗಿದ್ದವರು ಟಿಕೆಟ್ಟು ಕೊಂಡವರು: ಸಿಮೆಂಟ್ ಕಾರ್ಖಾನೆಯ ಗಂಡ ಹೆಂಡತಿ, ಮತ್ತು ಮಕ್ಕಳೆಲ್ಲ ಸೇರಿ ಕಳಿಸಿದ್ದ ಒಬ್ಬ ಮುದುಕ. ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ ಬಿತ್ತು, ಹಲ್ಲು ಕಟಕಟ ಎಂದವು, ಅಕ್ಕ ಕಣ್ಣು ಮುಚ್ಚಿ ಮನೆಯವರನ್ನೆಲ್ಲ ನೆನೆದಳು. ಆಮೇಲೆ ಒಮ್ಮೆಲೇ ಸದ್ದು ನಿಂತಿತು. ಬೆಲ್ಟು ಬಿಚ್ಚಬಹುದು ಎಂದು ಕಿವಿಯಲ್ಲಿ ಹೇಳಿದರು.

ಅವಳು ಬಿಚ್ಚಿದಳು. ಮೈಗೆ ತೂಕವೇ ಇಲ್ಲ. ದಿನವಿಡೀ ನಿಂತೂ ನಿಂತೂ ಊದಿಕೊಳ್ಳುತ್ತಿದ್ದ ಕಾಲು ತನ್ನದೇ ಅಲ್ಲ ಅನ್ನುವ ಹಾಗೆ ಹಗುರಾಗಿ ಮೇಲೆದ್ದಿತು. ಮುದುಕನ ಹಲ್ಲಿನ ಸೆಟ್ಟು ಬಾಯಿಂದ ಜಾರಿ ತೇಲುತ್ತ ಹೊರಟಿತು, ಸಿಮೆಂಟಿನ ಹೆಂಡತಿ ಅದನ್ನು ಹಿಡಿದುಕೊಟ್ಟಳು. ನಾಲ್ಕೂ ಜನ ಮಕ್ಕಳ ಹಾಗೆ ನಕ್ಕರು. ಕಿಟಕಿಯ ಆಚೆ ಕಪ್ಪು. ತಲೆಗೆ ಬಣ್ಣ ಹಚ್ಚುವವಳಿಗೆ ಎಷ್ಟೋ ಬಗೆಯ ಕಪ್ಪು ಗೊತ್ತು, ಇದು ಅವು ಯಾವುದೂ ಅಲ್ಲ. ಕೆಳಗೆ ಭೂಮಿಯ ಅಂಚು ಬಾಗಿತ್ತು, ಅದರ ಮೇಲೆ ಉಗುರಿನಷ್ಟು ತೆಳ್ಳಗೆ ನೀಲಿ. ನಾವೆಲ್ಲ ಉಸಿರಾಡುವುದು ಇಷ್ಟರೊಳಗೇ ಎಂದು ಯಾರೋ ಹೇಳಿದರು. ಅಕ್ಕ ಗಾಜಿಗೆ ಹಣೆ ಒತ್ತಿ ನೋಡಿದಳು. ಹುಟ್ಟಿದಾಗಿನಿಂದ ಅವಳು ಅಷ್ಟು ಸಂತೋಷವಾಗಿದ್ದಿಲ್ಲ.

ಇಳಿಯುವಾಗ ಭಾರ ಮತ್ತೆ ಎದೆಯ ಮೇಲೆ ಬಿದ್ದಾಗ ಅವಳಿಗೆ ಗೊತ್ತಾಯಿತು, ಮೇಲಿದ್ದಷ್ಟು ಹೊತ್ತೂ ತಂಗಿಯ ನೆನಪೇ ಬಂದಿರಲಿಲ್ಲ. ಪ್ಯಾರಾಚೂಟುಗಳು ಒಂದಾದ ಮೇಲೊಂದು ಅರಳಿದವು, ಮೂರೂ. ಗೂಡು ಧೂಳೆಬ್ಬಿಸಿ ನೆಲಕ್ಕೆ ಕೂತಿತು. ಬಾಗಿಲು ತೆರೆದವರಿಗೆ ಅವಳ ಅಳು ಸಂತೋಷದ್ದಾಗಿಯೇ ಕಂಡಿತು. ವೇದಿಕೆಯ ಮೇಲೆ ಮೈಕು ಕೊಟ್ಟರು. ಅವಳು ಅಪ್ಪನ ಹೆಗಲಿನ ಕತೆಯನ್ನು ಮತ್ತೊಮ್ಮೆ ಹೇಳಿದಳು.

ಆಮೇಲೆ ಊರೂರು ತಿರುಗುವ ಕೆಲಸ ಶುರುವಾಯಿತು. ಕಾಲೇಜು, ಕ್ಲಬ್ಬು, ವ್ಯಾಪಾರಿಗಳ ಸಂಘ. ಬಿಡುವಾದ ಭಾನುವಾರಗಳಲ್ಲಿ ಅಮ್ಮನ ಮನೆಗೆ ಹೋದರೆ ತಂಗಿ ಚಹಾ ಮಾಡಿ ಕೊಡುತ್ತಿದ್ದಳು, ಶಾಲೆಯ ಸುದ್ದಿ ಹೇಳುತ್ತಿದ್ದಳು. ಮೇಲೆ ಏನು ಕಂಡೆ ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ. ಬೈದಿದ್ದರೆ ಅಕ್ಕನ ಜೀವಕ್ಕೆ ನೆಮ್ಮದಿಯಾಗುತ್ತಿತ್ತು. ಅಂಥ ಒಂದು ಭಾನುವಾರ ಪಕ್ಕದ ಮನೆಯಾಕೆ ಬಂದು ಕೂತಿದ್ದಳು. ಅಮ್ಮ ಅಕ್ಕನ ಕೆನ್ನೆ ಸವರಿ ಆಕೆಗೆ ಹೇಳಿದರು: "ಇವಳಿಗೆ ಚಿಕ್ಕಂದಿನಿಂದ ಆಕಾಶ ಅಂದ್ರೆ ಪ್ರಾಣ. ಇವರಪ್ಪ ಕಂಬಳಿ ಸಮೇತ ಎತ್ಕೊಂಡು ಹೋಗೋರು. ಚಿಕ್ಕವಳು ಎದ್ದರೆ ತಾನೆ? ಎಬ್ಬಿಸೋಕೆ ಹೋದ್ರೆ ಅವರಿಗೇ ಒದ್ದಳು."

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ತಂಗಿ ಅದನ್ನು ಕೇಳಿದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಅಮ್ಮ ಸುಳ್ಳು ಹೇಳಿದ್ದಲ್ಲ. ವಯಸ್ಸಾದ ತಲೆ, ದಿನಕ್ಕೆ ನಾಲ್ಕು ಸಲ ಟಿವಿಯಲ್ಲಿ ಕೇಳಿದ್ದು ಕಣ್ಣಾರೆ ಕಂಡದ್ದರ ಜಾಗದಲ್ಲಿ ಕೂತುಬಿಟ್ಟಿತ್ತು. ಒದೆಯನ್ನೂ ಬಿಡದೆ ತಂಗಿಗೆ ವರ್ಗ ಮಾಡಿತ್ತು.

ಆ ರಾತ್ರಿ ಅಕ್ಕನಿಗೆ ಊಟ ಸೇರಲಿಲ್ಲ. ಸೀಟು ಹೋದರೆ ಇನ್ನೊಂದು ಸೀಟು ಬರಬಹುದು. ಆ ನಸುಕು ಇದ್ದದ್ದು ಅಪ್ಪ ಮತ್ತು ತಂಗಿ ಇಬ್ಬರ ಬಳಿ, ಅಪ್ಪ ಇಲ್ಲ, ಸಾಕ್ಷಿ ಹೇಳಬೇಕಿದ್ದ ಅಮ್ಮನೂ ಈಗ ತನ್ನ ಕಡೆ.

ಹೀಗಿರುವಾಗಲೇ ಕಂಪನಿಯವರು ಕಳಿಸಿದ ಶಾಲೆಗಳ ಪಟ್ಟಿಯಲ್ಲಿ ತಂಗಿಯ ಶಾಲೆಯ ಹೆಸರು ಬಂತು. ಬೇಡ ಎಂದಳು. ಪ್ರಚಾರದ ಮೇಡಂ ಒಪ್ಪಲಿಲ್ಲ. ತಂಗಿಯ ಶಾಲೆ ಅಂದರೆ ಇನ್ನೂ ಚೆನ್ನ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಚಿತ್ರ ತೆಗೆಯಬಹುದು ಎಂದರು.

ಶಾಲೆಯ ಸಭಾಂಗಣ ತುಂಬಿತ್ತು. ಹುಡುಗಿಯರು ನೆಲದ ಮೇಲೆ ಒತ್ತೊತ್ತಾಗಿ ಕೂತಿದ್ದರು. ತಂಗಿ ಮೈಕಿನ ಮುಂದೆ ನಿಂತು, "ಇವರು ನನ್ನ ಅಕ್ಕ" ಎಂದು ಪರಿಚಯಿಸಿ ಪಕ್ಕದ ಕುರ್ಚಿಯಲ್ಲಿ ಕೂತಳು. ಅಕ್ಕ ರಾಕೆಟ್ಟಿನ ಬಗ್ಗೆ, ಹಲ್ಲಿನ ಸೆಟ್ಟಿನ ಬಗ್ಗೆ ಹೇಳಿದಳು. ಹುಡುಗಿಯರು ನಕ್ಕು ಸುಸ್ತಾದರು. ಅಪ್ಪನ ಕತೆಯ ಹತ್ತಿರಕ್ಕೇ ಅವಳು ಹೋಗಲಿಲ್ಲ. ಕೊನೆಗೆ ಮುಂದಿನ ಸಾಲಿನ ಒಬ್ಬಳು ಎದ್ದಳು.

"ಮೇಡಂ, ನಿಮ್ಮ ಅಪ್ಪ ಎತ್ಕೊಂಡು ಹೋಗಿದ್ದು ಹೇಳಿ."

ಅಕ್ಕ ಬಾಯಿ ತೆರೆದಳು. ಎಷ್ಟೋ ಊರಲ್ಲಿ ಹೇಳಿದ ಕತೆ. ಪಕ್ಕದಲ್ಲಿ ತಂಗಿ ಕೂತಿದ್ದಾಳೆ. ಇಲ್ಲಿ ನಿಜ ಹೇಳಿಬಿಡುತ್ತೇನೆ ಎಂದುಕೊಂಡಳು, ಹೇಳಲು ಉಸಿರೂ ಎಳೆದುಕೊಂಡಳು. ಅಷ್ಟರಲ್ಲಿ ತಂಗಿ ಎದ್ದು ಬಂದು ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಅದನ್ನ ನಾನು ಹೇಳ್ತೀನಿ," ಎಂದಳು. "ನಮ್ಮಪ್ಪ ಒಂದು ದಿನ ಬೆಳಗಿನ ಜಾವ ಬಂದು ನಮ್ಮಕ್ಕನ್ನ ಎಬ್ಬಿಸಿದರು..."

ಪಾಠ ಹೇಳುವ ಅದೇ ದನಿಯಲ್ಲಿ, ಒಂದು ಚೂರೂ ಬಿಡದೆ ಹೇಳಿದಳು. ಕಂಬಳಿ, ಗ್ರೀಸು, ಚುಕ್ಕೆ, ಬೀಸಿದ ಕೈ. ಅಕ್ಕ ಎಂದೂ ಹೇಳದಿದ್ದ, ಅಕ್ಕನಿಗೆ ಗೊತ್ತೇ ಇಲ್ಲದಿದ್ದ ಒಂದನ್ನೂ ಸೇರಿಸಿದಳು: ಕೆಳಗೆ ಇಳಿಯುವಾಗ ಅಪ್ಪ, ಯಾರಿಗೂ ಹೇಳಬೇಡ, ಇದು ನಮ್ಮಿಬ್ಬರ ಗುಟ್ಟು ಎಂದಿದ್ದರಂತೆ, ಮರುದಿನ ಅವರೇ ಊರಿಗೆಲ್ಲ ಹೇಳಿದರಂತೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಚಿತ್ರ ತೆಗೆದರು.

ಖಾಲಿಯಿದ್ದ ಸ್ಟಾಫ್ ರೂಮಿನಲ್ಲಿ ಅಕ್ಕ ಬಾಗಿಲು ಹಾಕಿಕೊಂಡಳು. "ಯಾಕೆ ಹಾಗೆ ಹೇಳಿದೆ? ನಾನು ನಿಜ ಹೇಳಬೇಕು ಅಂತಿದ್ದೆ ಕಣೇ."

"ಗೊತ್ತಾಯ್ತು. ಅದಕ್ಕೇ ಎದ್ದೆ." ತಂಗಿ ಬೀರುವಿನಲ್ಲಿ ಪುಸ್ತಕ ಜೋಡಿಸುತ್ತಿದ್ದಳು. "ನೀನು ನಿಜ ಹೇಳಿ ಹಗುರಾಗಿ ಕಾರು ಹತ್ತಿ ಹೋಗ್ತಿದ್ದೆ. ನಾಳೆ ಬೆಳಿಗ್ಗೆ ಆ ಮಕ್ಕಳ ಮುಂದೆ ನಿಲ್ಲೋಳು ನಾನು. ಅಯ್ಯೋ ಪಾಪ ಮಿಸ್ಸು ಅಂತ ಅವು ನನ್ನ ಮುಖ ನೋಡಬೇಕಿತ್ತಾ?"

"ನನ್ನಿಂದ ತಪ್ಪಾಯ್ತು."

"ಹೌದು, ತಪ್ಪಾಯ್ತು." ತಂಗಿ ತಿರುಗಲಿಲ್ಲ. "ಅವರು ನಿನ್ನ ಆರಿಸಿದ್ದು ನಿನ್ನ ತಪ್ಪಲ್ಲ. ಅವರಿಗೆ ಬೇಕಾಗಿದ್ದು ಅದೇ. ನನಗೆ ಕೋಪ ಬಂದಿದ್ದು ಆ ಸೀಟಿಗಲ್ಲ ಅಕ್ಕ. ಸಂದರ್ಶನದಲ್ಲಿ ಅವರು ನನ್ನನ್ನೂ ಕೇಳಿದ್ರು, ಈ ಆಸೆ ಎಲ್ಲಿಂದ ಬಂತು ಅಂತ. ಅದು ನನ್ನ ಸ್ವಂತ ವಿಷಯ ಅಂದೆ. ಅಪ್ಪನ್ನ ಅವರ ಮುಂದೆ ಇಡೋಕೆ ನನಗೆ ಮನಸ್ಸು ಬರಲಿಲ್ಲ. ನಾನು ಮುಚ್ಚಿಟ್ಟುಕೊಂಡಿದ್ದನ್ನ ನೀನು ಗೋಡೆ ಗೋಡೆಗೆ ಅಂಟಿಸಿದೆ."

ಅಕ್ಕ ಲೆಕ್ಕದ ಟೀಚರ ಕುರ್ಚಿಯಲ್ಲಿ ಕೂತಳು.

"ಆ ಪ್ಯಾರಾಚೂಟ್ ವಿಷಯ," ಎಂದಳು ತಂಗಿ, ದನಿ ಸ್ವಲ್ಪ ತಗ್ಗಿಸಿ. "ನೀನು ತರಬೇತಿಗೆ ಹೋದಮೇಲೆ ನಾನು ಬಿಡದೆ ಫೋನ್ ಮಾಡ್ತಿದ್ದೆ. ಅವರು ಇವರಿಗೆ ಕೊಡೋರು, ಇವರು ಅವರಿಗೆ. ನೀನು ಹೊರಡೋ ಹಿಂದಿನ ದಿನ ಮಧ್ಯಾಹ್ನ ಒಬ್ಬ ಎಂಜಿನಿಯರ್ ಸಿಕ್ಕಿದ. ಮಡಚೋ ರೀತಿ ತಪ್ಪಿತ್ತಂತೆ, ಬದಲಾಯಿಸಿ ಮತ್ತೆ ಮತ್ತೆ ಹಾರಿಸಿ ನೋಡಿದ್ದಾರಂತೆ. ಎಲ್ಲಾ ವಿವರವಾಗಿ ಹೇಳಿದ ಪುಣ್ಯಾತ್ಮ. ಹೇಳದಿದ್ದಿದ್ರೆ ನಿನ್ನ ಕಾಲು ಹಿಡ್ಕೊಂಡಾದ್ರೂ ನಿಲ್ಲಿಸ್ತಿದ್ದೆ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಟೆ ಹೊಡೆಯಿತು. ತಂಗಿ ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು, "ಮುಖ ತೊಳ್ಕೊಂಡು ಹೋಗು, ಹೊರಗೆ ಹುಡುಗಿಯರಿದ್ದಾರೆ" ಎಂದು ಹೇಳಿ ತರಗತಿಗೆ ಹೋದಳು.

ಮರುದಿನ ಅಕ್ಕ ಪ್ರಚಾರದ ಮೇಡಮ್ಮಿಗೆ ಫೋನು ಮಾಡಿ, ಇನ್ನು ಮೇಲೆ ಎಲ್ಲಿಗೂ ಬರುವುದಿಲ್ಲ, ಆ ಫಲಕವನ್ನೂ ತೆಗೆಸಿ ಎಂದಳು. ಗಲಾಟೆಯಾಗುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದಳು. ಏನೂ ಆಗಲಿಲ್ಲ.

"ಪರವಾಗಿಲ್ಲ ಬಿಡಿ," ಎಂದರು ಮೇಡಂ. "ಮುಂದಿನ ಹಾರಾಟಕ್ಕೆ ಒಬ್ಬ ಪೋಸ್ಟ್‌ಮ್ಯಾನ್ ಸಿಕ್ಕಿದ್ದಾರೆ. ತುಂಬಾ ಚೆನ್ನಾಗಿ ಅಳ್ತಾರೆ."

ತಂಗಿಯ ಹೆಸರು ಬರೆಸಿದ್ದೆನಲ್ಲ, ಧಣಿಯೇ ಹೇಳಿದ್ದರಲ್ಲ ಎಂದು ಅಕ್ಕ ನೆನಪಿಸಿದಳು. ಎಲ್ಲೋ ಇರುತ್ತದೆ, ನೋಡೋಣ ಎಂದರು. ತಿಂಗಳೊಳಗೆ ಬಸ್ ಸ್ಟಾಪಿನ ಮೇಲೆ ಪೋಸ್ಟ್‌ಮ್ಯಾನ್ ನಗುತ್ತಿದ್ದ.

ಅಕ್ಕ ಮತ್ತೆ ಕತ್ತರಿ ಹಿಡಿದಳು. ಗಿರಾಕಿಗಳು ಕೇಳಿದರೆ ಮಾತು ಹಾರಿಸುತ್ತಿದ್ದಳು. ಮೊದಲಿನಷ್ಟು ಮಾತಾಡುವುದಿಲ್ಲ ಎಂದು ಕೆಲವರು ಬೇರೆ ಕಡೆಗೂ ಹೋದರು. ಭಾನುವಾರ ಮಾತ್ರ ತಪ್ಪಿಸುತ್ತಿರಲಿಲ್ಲ. ಒಂದು ಭಾನುವಾರ ತಂಗಿ, ಬಟ್ಟೆ ಮಡಚುತ್ತ ಮಡಚುತ್ತ, ತಾನಾಗಿಯೇ ಕೇಳಿದಳು.

"ಆ ನೀಲಿ ಅಂಚು ಅಷ್ಟು ತೆಳ್ಳಗೆ ಕಾಣುತ್ತಾ?"

ಅಕ್ಕ ಹೇಳಿದಳು. ವೇದಿಕೆಯಲ್ಲಿ ಹೇಳಿದ ಹಾಗಲ್ಲ, ಕಂಡ ಹಾಗೆ, ತಡವರಿಸುತ್ತ. ತಂಗಿ ನಡುನಡುವೆ ಪ್ರಶ್ನೆ ಹಾಕಿದಳು. ಕೊನೆಗೆ ಅಕ್ಕ, "ಅಲ್ಲಿದ್ದಷ್ಟು ಹೊತ್ತೂ ನಿನ್ನ ನೆನಪೇ ಬರಲಿಲ್ಲ ಕಣೇ" ಎಂದಳು.

"ಅಷ್ಟು ಚೂರು ಹೊತ್ತಿಗೆ ಹೋಗಿ ಅಲ್ಲೂ ನನ್ನನ್ನೇ ನೆನೀತಾ ಕೂತಿದ್ರೆ ನಿನಗೆ ತಲೆ ಸರಿಯಿಲ್ಲ ಅಂತಿದ್ದೆ," ಎಂದಳು ತಂಗಿ. ಹಾಗೆಂದು ಎಲ್ಲ ಸರಿಹೋಯಿತು ಅಂತಲ್ಲ. ಅವಳು ಇನ್ನೂ ಹಿಂದಿನ ಸ್ಟಾಪಿನಲ್ಲೇ ಇಳಿಯುತ್ತಿದ್ದಳು. ಕೇಳಿದರೆ ನಡೆದು ರೂಢಿಯಾಗಿದೆ ಅನ್ನುತ್ತಿದ್ದಳು.

ಅಕ್ಕ ತನ್ನ ಮಟ್ಟಿಗೆ ಒಂದು ಕೆಲಸ ಹಚ್ಚಿಕೊಂಡಳು. ಅಮ್ಮ ಯಾರ ಮುಂದೆ ಆ ಕತೆ ತೆಗೆದರೂ ಅಲ್ಲೇ ತಡೆದು, "ನನ್ನನ್ನಲ್ಲಮ್ಮ, ಅವಳನ್ನ. ಒದ್ದವಳು ನಾನು" ಎನ್ನುತ್ತಿದ್ದಳು. ಅಮ್ಮನಿಗೆ ಸಿಟ್ಟು ಬರುತ್ತಿತ್ತು. "ಹೆತ್ತವಳಿಗೆ ಗೊತ್ತಿಲ್ವೇನೇ?" ಎಂದು ಗದರುತ್ತಿದ್ದರು. ಒಮ್ಮೊಮ್ಮೆ ಒಪ್ಪಿಕೊಳ್ಳುತ್ತಿದ್ದರು, ಮುಂದಿನ ಭಾನುವಾರಕ್ಕೆ ಮತ್ತೆ ಅದೇ. ಅಕ್ಕ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ತಂಗಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು, ಸಾಕು ಎಂದೂ ಹೇಳುತ್ತಿರಲಿಲ್ಲ.

ಒಂದು ಸಲ ಪಕ್ಕದ ಮನೆಯಾಕೆಯ ಎದುರಿಗೇ ತಾಯಿ ಮಗಳ ನಡುವೆ ಈ ವಾದ ತಾರಕಕ್ಕೆ ಹೋಯಿತು. ಅಮ್ಮ ಬೇಸತ್ತು ಎರಡೂ ಕೈ ಮೇಲೆತ್ತಿದರು.

"ಇವಳೂ ಅಲ್ಲ, ಅವಳೂ ಅಲ್ಲ, ನನ್ನನ್ನೇ ಎತ್ಕೊಂಡು ಹೋದ್ರು ಅಂತ ಇಟ್ಕೊಳ್ರೇ. ಆಗ ನಾನು ಸಣ್ಣಗೇ ಇದ್ದೆ."

ಒಳಗೆ ತಂಗಿ ಗೊಳ್ಳೆಂದು ನಕ್ಕ ಸದ್ದು ಕೇಳಿಸಿತು. ಪಕ್ಕದ ಮನೆಯಾಕೆಯೂ ನಕ್ಕಳು. ಅಮ್ಮನೂ ಸೇರಿಕೊಂಡರು. ನಗು ನಿಲ್ಲುವ ತನಕ ಅಕ್ಕ ಕಾದಳು. ಆಮೇಲೆ ಅಮ್ಮನ ಪಕ್ಕಕ್ಕೆ ಸರಿದು ಕೂತು, ಮೆಲ್ಲಗೆ ಮತ್ತೆ ಹೇಳಿದಳು: "ಅವಳನ್ನಮ್ಮ. ಚಿಕ್ಕವಳನ್ನ."